ಕಂತೆ, ಬೊಂತೆ, ಕೌದಿ

‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿರುತ್ತೇವೆ. ಆಡುವಾಗ ದನಿಯಲ್ಲಿ ತುಸು ತಾತ್ಸಾರವೂ ಇರುತ್ತದೆ. ಇವರೂ ಅಷ್ಟೆ, ಅವರೂ ಅಷ್ಟೆ ಎಂಬುದು ಅದರ ಇಂಗಿತ. ಗಾದೆ ಬಾಯಲ್ಲಿ ಉಳಿಯಿತು. ಅದು ಹೆಸರಿಸುವ ವಸ್ತುಗಳು ಮಾತ್ರ ಮನಸ್ಸಿನಿಂದ ಜಾರಿದವು. ಕಂತೆ ಎಂಬುದು ಸಂಸ್ಕೃತದ ‘ಕಂಥಾ’ ಶಬ್ದದಿಂದ ಬಂದದ್ದು; ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆ ಎಂದು ಅದರ ಅರ್ಥ. ಬೊಂತೆ ಎಂದರೂ ಬಹುಮಟ್ಟಿಗೆ ಅದೇ. ಉತ್ತರ ಕರ್ನಾಟಕದ ಮನೆಮಾತಿನಲ್ಲಿ ಇದನ್ನೇ ಕೌದಿ ಎನ್ನುತ್ತಾರೆ.

ಬೀದರ ಜಿಲ್ಲೆಯಲ್ಲಿ ಈ ಒಂದು ವಸ್ತುವಿಗೆ ಹೆಸರುಗಳು ಹಲವು. ಕನ್ನಡದ ಮನೆಯಲ್ಲಿ ಅದು ಕೌದಿ. ಔರಾದ, ಭಾಲ್ಕಿಗಳ ಗಡಿಯ ಹಳ್ಳಿಗಳಲ್ಲಿ ಮರಾಠಿಯ ಗೋಧಡಿ. ಬೀದರ ನಗರದ ಓಣಿಗಳ ದಖನಿ ಮಾತಿನಲ್ಲಿ ಗುದಡಿ. ಮೂಡಣ ದಿಕ್ಕಿನ ತೆಲುಗಿನಲ್ಲಿ ಬೊಂತ. ಮಾತು ನಾಲ್ಕಾದರೂ ಹೊದಿಕೆ ಒಂದೇ, ಅದನ್ನು ಹೊಲಿಯುವ ಕೈಯ ನಡೆಯೂ ಹೆಚ್ಚುಕಡಿಮೆ ಒಂದೇ. ಕರ್ನಾಟಕದ ಬಡಗಣ ತುದಿಯಾದ ಈ ನೆಲ ಎತ್ತರದ ಬಯಲು. ಬೇಸಗೆಯಲ್ಲಿ ಇಲ್ಲಿ ಬಿಸಿಲು ಎಷ್ಟು ಕಠಿಣವೋ ಪುಷ್ಯ, ಮಾಘಗಳಲ್ಲಿ ರಾತ್ರಿಯ ಚಳಿ ಅಷ್ಟೇ ಕಠಿಣ. ಉಣ್ಣೆಯ ಕಂಬಳಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಉಟ್ಟು ಹಳತಾದ ಸೀರೆ, ಧೋತರ, ಲುಂಗಿಗಳಾದರೋ ಎಲ್ಲರ ಮನೆಯಲ್ಲಿಯೂ ಇದ್ದವು.

ಕೌದಿಯ ಬೆಚ್ಚಗಿನ ಗುಟ್ಟು ಬಟ್ಟೆಯ ದಪ್ಪದಲ್ಲಿಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿದೆ. ಅಲುಗಾಡದೆ ನಿಂತ ಗಾಳಿ ಮೈಯ ಶಾಖವನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಒಂದೇ ದಪ್ಪ ಅರಿವೆಗಿಂತ ನಾಲ್ಕು ತೆಳು ಅರಿವೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದರೆ ಬೆಚ್ಚಗಾಗುವುದು ಆದ್ದರಿಂದಲೇ. ಹೊಲಿಗೆಯ ಸಾಲುಗಳು ಆ ಪದರಗಳನ್ನು ಸರಿಯಗೊಡದೆ ಹಿಡಿದಿಡುತ್ತವೆ. ಸಾಲುಗಳು ವಿರಳವಾದರೆ ಒಗೆದಾಗ ಒಳಪದರ ಮುದ್ದೆಯಾಗುತ್ತದೆ. ತೀರ ಒತ್ತಾದರೆ ಗಾಳಿಗೆ ಎಡೆಯಿಲ್ಲದೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ಬೆರಳಗಲ ಬಿಟ್ಟು ಮುಂದಿನ ಸಾಲು ಹಿಡಿಯುವುದು ಬಲ್ಲವರ ಹದ.

ಮೇಲ್ಪದರವನ್ನು ಮಾಡುವ ಬಗೆಗಳು ಎರಡು. ಮೊದಲನೆಯದು ಹಳ್ಳಿಯ ರೂಢಿ: ಅಡಿಗೆ ಒಂದು ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ತುಂಡುಗಳನ್ನು ಅಂಚು ಮಡಚಿ ಇಡುತ್ತ, ಇಟ್ಟಂತೆ ಹೊಲಿಯುತ್ತ ಹೋಗುವುದು. ಇದಕ್ಕೆ ಅಳತೆಪಟ್ಟಿ ಬೇಡ. ತುಂಡು ಸಣ್ಣದಾದರೆ ಪಕ್ಕದ ತುಂಡು ಅದರ ಮೇಲೆ ಸ್ವಲ್ಪ ಹೆಚ್ಚು ಏರಿ ಕೂರುತ್ತದೆ. ಎರಡನೆಯದು, ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ ಚೌಕಗಳನ್ನು ಮಾಡಿಕೊಂಡು, ಆ ಚೌಕಗಳನ್ನು ಸೇರಿಸಿ ಮೇಲ್ಪದರವನ್ನು ಸಿದ್ಧಪಡಿಸುವುದು. ಇದು ಲೆಕ್ಕದ ಕೆಲಸ. ಆ ಲೆಕ್ಕ ಒಮ್ಮೆ ತಿಳಿದರೆ ಹೊಸಬರಿಗೂ ಕೈವಶವಾಗುವುದರಿಂದ ತುಸು ವಿವರವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಸರಳವಾದದ್ದು ಒಂಬತ್ತು ಮನೆಗಳ ಚೌಕ. ಮೂರು ಸಾಲು, ಸಾಲಿಗೆ ಮೂರು ತುಂಡು. ಐದು ತುಂಡು ಗಾಢ ಬಣ್ಣದವು, ನಾಲ್ಕು ತಿಳಿ ಬಣ್ಣದವು. ಬಟ್ಟೆಯನ್ನು ಮೊದಲು ಚೆನ್ನಾಗಿ ಒಗೆದು ಒಣಗಿಸಬೇಕು. ಹಾಗೆ ಮಾಡದಿದ್ದರೆ, ಕುಗ್ಗುವ ಬಟ್ಟೆಯೂ ಬಣ್ಣ ಬಿಡುವ ಬಟ್ಟೆಯೂ ಕೌದಿ ಮುಗಿದ ಮೇಲೆ ತಮ್ಮ ಗುಣವನ್ನು ತೋರುತ್ತವೆ. ಹಳೆಯ ಸೀರೆಯಲ್ಲಿ ಹೆಚ್ಚು ಸವೆದಿರುವುದು ನಡುಭಾಗ. ದಡಿಯೂ ಸೆರಗೂ ಗಟ್ಟಿಯಾಗಿ ಉಳಿದಿರುತ್ತವೆ. ಬೆಳಕಿಗೆ ಹಿಡಿದು ನೋಡಿ, ಎಳೆ ತೆಳುವಾದ ಕಡೆಯನ್ನು ಒಳಪದರಕ್ಕೆ ಬಿಟ್ಟು, ಗಟ್ಟಿಯಾದುದನ್ನು ತುಂಡುಗಳಿಗೆ ಆರಿಸಬೇಕು.

ಹೊಲಿದ ಮೇಲೆ ಪ್ರತಿ ಮನೆಯೂ 4 ಅಂಗುಲ ಕಾಣಬೇಕೆಂದಿದ್ದರೆ ತುಂಡನ್ನು ನಾಲ್ಕೂವರೆ ಅಂಗುಲಕ್ಕೆ ಕತ್ತರಿಸಬೇಕು; ಸುತ್ತಲೂ ಕಾಲು ಅಂಗುಲ ಹೊಲಿಗೆಯ ಒಳಗೆ ಹೋಗುತ್ತದೆ. ಕತ್ತರಿ ಬಟ್ಟೆಯ ಹಾಸು ಹೊಕ್ಕುಗಳ ಎಳೆಯ ಗುಂಟ ನೇರವಾಗಿ ನಡೆಯಲಿ. ಓರೆಯಾಗಿ ಕತ್ತರಿಸಿದ ಅಂಚು ಎಳೆದಷ್ಟೂ ಹಿಗ್ಗುತ್ತದೆ. ತ್ರಿಕೋನದ ತುಂಡುಗಳಲ್ಲಿ ಒಂದು ಮಗ್ಗುಲಾದರೂ ಓರೆ ಬರುವುದು ಅನಿವಾರ್ಯ. ಅದನ್ನು ಕೈಯಿಂದ ಜಗ್ಗದೆ ಹೊಲಿಯಬೇಕಾದ್ದರಿಂದ ಹೊಸಬರು ಚೌಕದಿಂದ ಆರಂಭಿಸುವುದು ಒಳಿತು.

ಎರಡು ತುಂಡುಗಳ ಮೇಲ್ಮೈಗಳನ್ನು ಮುಖಾಮುಖಿ ಇಟ್ಟು, ಅಂಚಿನಿಂದ ಕಾಲು ಅಂಗುಲ ಒಳಗೆ ಸಣ್ಣ ಹೊಲಿಗೆ ಹಾಕಿ, ಬಿಡಿಸಿ, ಮೂರನೆಯದನ್ನು ಹಾಗೆಯೇ ಸೇರಿಸಿದರೆ ಒಂದು ಸಾಲು ಆಯಿತು. ದಾರ ಒಂದು ಮೊಳಕ್ಕಿಂತ ಉದ್ದವಿದ್ದರೆ ಗಂಟು ಬೀಳುತ್ತದೆ. ಸಾಲಿನ ಹಿಂಬದಿಯ ಮಡಿಕೆಗಳನ್ನು ಗಾಢ ಬಣ್ಣದ ಕಡೆಗೆ ಉಗುರಿನಿಂದ ತೀಡಿ ಮಲಗಿಸಬೇಕು. ತಿಳಿ ಬಣ್ಣದ ಕೆಳಗೆ ಮಲಗಿಸಿದರೆ ಅವು ಹೊರಗೆ ನೆರಳಾಗಿ ಕಾಣುತ್ತವೆ. ಈ ಕ್ರಮದಿಂದ ಇನ್ನೊಂದು ಲಾಭವೂ ಉಂಟು. ಮೊದಲ ಸಾಲಿನಲ್ಲಿ ಗಾಢ ತುಂಡುಗಳು ಎರಡು ತುದಿಗಳಲ್ಲಿ, ಎರಡನೆಯ ಸಾಲಿನಲ್ಲಿ ನಡುವೆ ಬರುವುದರಿಂದ, ಮಡಿಕೆಗಳು ಎದುರುಬದುರಾಗಿ ಮಲಗುತ್ತವೆ. ಸಾಲುಗಳನ್ನು ಕೂಡಿಸುವಾಗ ಅವು ಒಂದಕ್ಕೊಂದು ಕಚ್ಚಿಕೊಂಡು, ನಾಲ್ಕು ಮೂಲೆಗಳು ತಾವಾಗಿಯೇ ಒಂದು ಬಿಂದುವಿನಲ್ಲಿ ಸೇರುತ್ತವೆ. ಹೀಗೆ ಸಿದ್ಧವಾದ ಚೌಕ ಹನ್ನೆರಡೂವರೆ ಅಂಗುಲ; ನೆರೆಯ ಚೌಕಗಳೊಡನೆ ಸೇರಿದಾಗ ಸರಿಯಾಗಿ 12 ಅಂಗುಲ, ಅಂದರೆ ಒಂದು ಅಡಿ. ಐದು ಅಡಿ ಅಗಲ, ಆರು ಅಡಿ ಉದ್ದದ ಕೌದಿಗೆ ಇಂಥ 30 ಚೌಕ, 270 ತುಂಡು ಬೇಕು.

ಕಾಲು ಅಂಗುಲದ ಶಿಸ್ತು ಏಕೆಂದು ಕೇಳಬಹುದು. ಪ್ರತಿ ಅಂಚಿನಲ್ಲಿಯೂ ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚು ಒಳಗೆ ಹೋಯಿತೆನ್ನಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಐದು ಚೌಕಗಳ ಅಗಲದಲ್ಲಿ 14 ಹೊಲಿಗೆಗಳಿರುತ್ತವೆ. ಎಲ್ಲವೂ ಸೇರಿ ಒಂದೂ ಮುಕ್ಕಾಲು ಅಂಗುಲ ಕಡಿಮೆಯಾಗುತ್ತದೆ. ಇಬ್ಬರು ಕೂಡಿ ಹೊಲಿದಾಗ ಒಬ್ಬರ ಸಾಲು ಇನ್ನೊಬ್ಬರ ಸಾಲಿಗೆ ಹೊಂದದೆ ಹೋಗುವುದು ಹೀಗೆ.

ಮೇಲ್ಪದರ, ಒಳಪದರ, ಅಡಿಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ಅಲ್ಲಲ್ಲಿ ದೊಡ್ಡ ಹೊಲಿಗೆಯಿಂದ ತಾತ್ಕಾಲಿಕವಾಗಿ ಹಿಡಿಸಿ, ಬಳಿಕ ದಪ್ಪ ಸೂಜಿಯಿಂದ ಸಾಲು ಹಿಡಿಯಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನು ಅಂಚಿನಿಂದ ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ತಂದು ಮುಗಿಸುತ್ತಾರೆ. ಮೂಲೆಗಳಲ್ಲಿ ‘ಫೂಲ್’ ಎಂದು ಕರೆಯುವ ಮಡಚಿದ ತ್ರಿಕೋನವಿಲ್ಲದಿದ್ದರೆ ಅವರಿಗೆ ಅದು ಪೂರ್ಣವಾದ ಕವಂದಿಯಲ್ಲ.

ಹರಿದುದನ್ನು ಕೂಡಿಸುವ ಈ ವಿದ್ಯೆಗೆ ದೊಡ್ಡ ವಂಶಾವಳಿಯೇ ಇದೆ. ಬೌದ್ಧ ಭಿಕ್ಷುಗಳ ಚೀವರ ತುಂಡು ತುಂಡಾಗಿ ಹೊಲಿದದ್ದು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಬುದ್ಧನು ಆನಂದನಿಗೆ ಆ ವಿನ್ಯಾಸವನ್ನು ಸೂಚಿಸಿದನೆಂದು ವಿನಯಪಿಟಕ ಹೇಳುತ್ತದೆ. ಬಂಗಾಳದ ಕಾಂಥಾ, ಸಿಂಧದ ರಲ್ಲಿ ಇದೇ ಕುಲದವು. ಅಮೆರಿಕದ ಅಲಬಾಮಾ ಪ್ರಾಂತದ ಗೀಸ್ ಬೆಂಡ್ ಎಂಬಲ್ಲಿ, ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಕಪ್ಪು ಹೆಂಗಸರು ಸವೆದ ಕೆಲಸದ ಉಡುಪುಗಳಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯ ಗೋಡೆಯ ಮೇಲೆ ತೂಗುಹಾಕಿತು. ಚಳಿಗೆಂದು ಹೊಲಿದದ್ದು ಅಂದು ಚಿತ್ರಕಲೆಯ ಸಾಲಿನಲ್ಲಿ ನಿಂತಿತು.

ನಮ್ಮಲ್ಲಿ ಇದಕ್ಕಿಂತ ಹಿರಿಯ ಸಾಕ್ಷಿಯೊಂದಿದೆ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವೇ 12ನೆಯ ಶತಮಾನದ ಶರಣರ ಕಲ್ಯಾಣ. ಅಲ್ಲಿಗೆ ಬಂದು ನೆಲೆಸಿದವರಲ್ಲಿ ಬೊಂತಾದೇವಿಯೂ ಒಬ್ಬಳು. ಕಾಶ್ಮೀರದ ಅರಸುಮನೆತನದಲ್ಲಿ ನಿಜದೇವಿಯಾಗಿ ಹುಟ್ಟಿ, ಎಲ್ಲವನ್ನೂ ತೊರೆದು ದಿಗಂಬರೆಯಾಗಿ ಹೊರಟವಳಿಗೆ ಶಿವನೇ ಒಂದು ಬೊಂತೆಯನ್ನು ಹೊದಿಸಿದನೆಂದು ಐತಿಹ್ಯ. ‘ಬಿಡಾಡಿ’ ಎಂಬ ಅಂಕಿತದ ಅವಳ ವಚನಗಳು ಉಳಿದಿರುವುದು ಕೆಲವೇ. ರಾಜಕುವರಿಯ ಹುಟ್ಟುಹೆಸರನ್ನು ಮರೆಸಿ ಚಿಂದಿಯ ಹೊದಿಕೆಯೇ ಅವಳ ಹೆಸರಾಯಿತೆಂಬುದು ಗಾದೆಯನ್ನು ತಾತ್ಸಾರದಿಂದ ಆಡುವ ನಾವು ನೆನೆಯಬೇಕಾದ ಸಂಗತಿ.

ಬೀದರ ನಗರ ಕೂಡಿಸುವ ಕಲೆಗೆ ಹೆಸರಾದ ಊರು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನ ಮೈಯಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಬಿದರಿಯ ಕುಶಲಿಗಳು ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆಯನ್ನು ಕೂರಿಸುತ್ತಾರೆ. ಆ ಕಲೆಗೆ ಅರಮನೆಯ ಆಶ್ರಯವಿತ್ತು. 2023ರಲ್ಲಿ ಬಿದರಿಯ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದದ್ದು ನಾಡಿಗೆಲ್ಲ ಸಂತೋಷ ತಂದಿತು. ಅದೇ ಊರಿನ ಓಣಿಗಳಲ್ಲಿ ತುಂಡಿಗೆ ತುಂಡು ಕೂಡಿಸಿದ ಹೆಂಗಸರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಉತ್ತರ ಕರ್ನಾಟಕದಲ್ಲಿ ಊರಿಂದೂರಿಗೆ ಹೋಗಿ ಕೌದಿ ಹೊಲಿದುಕೊಡುವ ಗೋಂಧಳಿ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಮನೆಯ ಕಟ್ಟೆಯ ಮೇಲೆ ದಿನಗಟ್ಟಲೆ ಬೆನ್ನು ಬಾಗಿಸುತ್ತಾರೆ. ‘ಹಳೆ ಅರಿವಿ ನಮ್ಮದೇ ಅಲ್ಲ, ಬರೇ ದಾರಕ್ಕ ಇಷ್ಟ್ಯಾಕವ್ವಾ?’ ಎಂದು ಅವರೊಡನೆ ಚೌಕಾಸಿ ಮಾಡುವವರು ಕೌದಿಯ ಬೆಲೆಯನ್ನು ದಾರದಿಂದ ಅಳೆಯುತ್ತಾರೆ; ಸಾವಿರಾರು ಸಲ ಸೂಜಿ ಮೇಲೆ ಕೆಳಗೆ ಆಡಿದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕೌದಿಯ ಮೂಲದ್ರವ್ಯವೇ ಬದಲಾಗಿದೆ. ನಿತ್ಯ ಉಡುವ ಸೀರೆಗಳಲ್ಲಿ ಕೃತಕ ನೂಲಿನವು ಹೆಚ್ಚಿವೆ. ಅವು ಬೆವರು ಹೀರುವುದಿಲ್ಲ, ಪದರದ ಮೇಲೆ ಪದರ ನಿಲ್ಲದೆ ಜಾರುತ್ತವೆ, ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ. ಸಂತೆಯಲ್ಲಿ ಯಂತ್ರದ ಹೊದಿಕೆ ಅಗ್ಗಕ್ಕೆ ಸಿಗುತ್ತದೆ. ಕೊಂಡವರನ್ನು ದೂರುವಂತಿಲ್ಲ, ಚಳಿ ಯಾರನ್ನೂ ಕಾಯುವುದಿಲ್ಲ. ಆದರೆ ಕೈಯಲ್ಲಿ ಮಾತ್ರ ಇರುವ ವಿದ್ಯೆ ಒಂದು ತಲೆಮಾರು ಸುಮ್ಮನಿದ್ದರೆ ಮರಳಿ ಬಾರದು. ಅದು ಪುಸ್ತಕದಲ್ಲಿ ಮಲಗಿ ಕಾಯುವಂಥದಲ್ಲ. ನಾನು ಇಲ್ಲಿ ಹೇಳಿದ ಅಂಗುಲಗಳ ಲೆಕ್ಕ ಕಾಗದದ ಮೇಲೆ ಉಳಿದೀತು. ಬೆರಳಗಲದ ಹದ ಉಳಿಯದು.

ಆದ್ದರಿಂದ ಮನೆಯ ಪೆಟ್ಟಿಗೆಯಲ್ಲಿ ನಾಲ್ಕು ಹತ್ತಿಯ ಸೀರೆಗಳಿದ್ದರೆ ಅವನ್ನು ಪಾತ್ರೆ ಮಾರುವವರಿಗೆ ಹಾಕುವ ಮುನ್ನ, ಓಣಿಯಲ್ಲಿ ಕೌದಿ ಬಲ್ಲ ಹಿರಿಯಳು ಯಾರಿದ್ದಾಳೆಂದು ವಿಚಾರಿಸಿ. ಅವಳ ಬಳಿ ಮಕ್ಕಳನ್ನು ಕೂರಿಸಿ, ಒಂಬತ್ತು ತುಂಡುಗಳ ಒಂದು ಚೌಕವನ್ನಾದರೂ ಹೊಲಿಸಿ. ಅವಳ ಕೂಲಿಯನ್ನು ಅವಳು ಕೇಳಿದಷ್ಟು ಕೊಡಿ. ಕೌದಿ ಮುಗಿದ ದಿನ, ಹಿಂಬದಿಯ ಒಂದು ಮೂಲೆಯಲ್ಲಿ ಅವಳ ಹೆಸರನ್ನೂ ವರ್ಷವನ್ನೂ ದಾರದಿಂದಲೇ ಬರೆಯಿಸಿ.