ಮುಸುಕು ತೆಗೆದ ಮೇಲೆ

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 2009ರ ಸೆಪ್ಟೆಂಬರಿನಲ್ಲಿ ನೆರೆದ ಮೋಟಾರು ಪ್ರದರ್ಶನದಲ್ಲಿ, ಶತಮಾನದ ಕೀರ್ತಿಯುಳ್ಳ ಐರೋಪ್ಯ ಕಂಪನಿಗಳ ವೈಭವದ ಮಂಟಪಗಳ ನಡುವೆ, ಬೆಂಗಳೂರಿನ ರೇವಾ ಕಂಪನಿಯೂ ತನ್ನ ಎರಡು ಹೊಸ ಮಾದರಿಗಳ ಮುಸುಕು ತೆಗೆಯಿತು. ನಾಲ್ವರು ಕುಳಿತುಕೊಳ್ಳತಕ್ಕ ಒಂದಕ್ಕೆ ಎನ್‌ಎಕ್ಸ್‌ಆರ್ ಎಂತಲೂ, ಇಬ್ಬರಿಗಷ್ಟೇ ಸ್ಥಳವಿದ್ದ, ವಿಲಾಸದ ಇನ್ನೊಂದಕ್ಕೆ ಎನ್‌ಎಕ್ಸ್‌ಜಿ ಎಂತಲೂ ಹೆಸರು. ಆ ಎರಡನೆಯದರ ಆಕೃತಿಯನ್ನು ರೂಪಿಸಿದವರು ದಿಲೀಪ್ ಛಾಬ್ರಿಯಾ. ಕನ್ನಡನಾಡಿನಲ್ಲಿ ಹುಟ್ಟಿದ ಕಾರೊಂದು ಅಂತಹ ಸಭೆಯಲ್ಲಿ ತಲೆಯೆತ್ತಿ ನಿಂತುದು ಸಣ್ಣ ಸಂಗತಿಯಲ್ಲ. ಆದರೆ ಮುಸುಕು ತೆಗೆಯುವ ಗಳಿಗೆಗೆ ಸೇರುವ ಜನಸ್ತೋಮ, ಮುಸುಕು ತೆಗೆದ ಮೇಲೆ ಆ ಗಾಡಿ ಎಲ್ಲಿಗೆ ಹೋಯಿತು, ಯಾವ ಊರಿನ ರಸ್ತೆ ಅದನ್ನು ಒಪ್ಪಿಕೊಂಡಿತು, ಕೆಟ್ಟು ನಿಂತಾಗ ಯಾರ ಕೈ ಅದನ್ನು ಎತ್ತಿ ನಡೆಸಿತು ಎಂಬುದನ್ನು ವಿಚಾರಿಸಲು ಸೇರುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎರೆನೆಲದಲ್ಲಿ ನಿಂತು ನೋಡುವವನಿಗಾದರೋ, ವಾಹನಗಳ ಇತಿಹಾಸವೆಂಬುದು ಆ ಗಳಿಗೆಯ ಅನಂತರವೇ ಆರಂಭವಾಗತಕ್ಕದ್ದೆಂದು ತೋರುತ್ತದೆ.

ವಾಹನನಿರ್ಮಾಪಕರ ಕಥೆಯೇನೂ ಈ ಸೀಮೆಗೆ ಹೊಸದಲ್ಲ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಕನ್ನಡಿಸಿದ ಗದುಗಿನಲ್ಲಿ, ವಿಶ್ವಕರ್ಮನೆಂಬ ಪುರಾಣದ ಶಿಲ್ಪಿಯ ಹೆಸರನ್ನು ಅರಿಯದವರಾರು? ಖಾಂಡವವನ್ನು ದಹಿಸಹೊರಟ ಅಗ್ನಿಯು ವರುಣನ ಮೂಲಕ ಪಾರ್ಥನಿಗೆ ಕೊಡಿಸಿದ ಕಪಿಧ್ವಜದ ರಥ ಅವನ ಕೃತಿ. ಕುಬೇರನಿಂದ ರಾವಣನಿಗೂ ರಾವಣನಿಂದ ರಾಮನ ಉಪಯೋಗಕ್ಕೂ ಬಂದ ಪುಷ್ಪಕವೂ ಅವನದೇ. ಎಷ್ಟು ಜನ ಹತ್ತಿದರೂ ಇನ್ನೊಬ್ಬನಿಗೆ ಜಾಗ ಉಳಿದೇ ಇರುತ್ತಿದ್ದಿತೆಂದು ಪುಷ್ಪಕವನ್ನು ಕುರಿತು ಹೇಳುವುದುಂಟು. ಆ ವಿದ್ಯೆ ಇಂದಿಗೂ ಲುಪ್ತವಾಗಿಲ್ಲವೆಂಬುದಕ್ಕೆ ಶಿರಹಟ್ಟಿಯಿಂದ ಹೊರಡುವ ಟಂಟಂ ಗಾಡಿಗಳೇ ಪ್ರಮಾಣ. ಪಾರ್ಥನ ರಥದ ಗತಿ ಬೇರೆಯಾಯಿತು. ಯುದ್ಧ ಮುಗಿದ ದಿನ ಕೃಷ್ಣನು ಮೊದಲು ಅರ್ಜುನನನ್ನು ಇಳಿಸಿ, ಆಮೇಲೆ ತಾನು ಇಳಿದೊಡನೆ, ದ್ರೋಣ ಕರ್ಣಾದಿಗಳ ಅಸ್ತ್ರಗಳಿಂದ ಎಂದೋ ದಗ್ಧವಾಗಬೇಕಾಗಿದ್ದ ಆ ರಥ ಅಲ್ಲಿಯೇ ಉರಿದು ಬೂದಿಯಾಯಿತಷ್ಟೆ. ದೇವಶಿಲ್ಪಿಯೇ ನಿರ್ಮಿಸಿದ್ದರೂ ರಥ ಅಷ್ಟು ದಿನ ನಡೆದುದು ನಡೆಸಿದವನ ಬಲದಿಂದ ಎಂಬ ಈ ವೃತ್ತಾಂತವನ್ನು ಮೋಟಾರು ಕಂಪನಿಗಳ ಯಜಮಾನರು ಒಮ್ಮೆ ಓದುವುದು ಒಳ್ಳೆಯದು.

ಆ ದೇವಶಿಲ್ಪಿಯನ್ನು ಕುಲದ ಮೂಲಪುರುಷನೆಂದು ಪೂಜಿಸುವ ಬಡಿಗೇರರೂ ಕಂಬಾರರೂ ಈ ನಾಲ್ಕು ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ಚಕ್ಕಡಿಗಳನ್ನು ಕಟ್ಟುತ್ತ ಬಂದರು. ಮಳೆಗಾಲದ ಎರೆ ಹೇಗಿರುತ್ತದೆಂದು ಬಲ್ಲವರಿಗೆ ಚಕ್ಕಡಿಯ ಗಾಲಿ ಅಷ್ಟು ಎತ್ತರವೇಕೆಂದು ಬಿಡಿಸಿ ಹೇಳಬೇಕಾಗಿಲ್ಲ: ಗಾಲಿ ದೊಡ್ಡದಾದಷ್ಟೂ ಕೆಸರಿನ ತಗ್ಗನ್ನು ದಾಟುವುದು ಸುಲಭ, ಎತ್ತಿನ ಕೊರಳಿಗೆ ಬೀಳುವ ಭಾರ ಕಡಿಮೆ. ಜಾಲಿಯಂತಹ ಗಟ್ಟಿ ಮರದ ಗುಂಬಕ್ಕೆ ಅರಗಳನ್ನು ಬಡಿದು ಕೂರಿಸಿ, ಅವುಗಳ ಸುತ್ತ ಬಾಗಿದ ಮರದ ತುಂಡುಗಳನ್ನು ಜೋಡಿಸಿ, ಆ ವೃತ್ತಕ್ಕಿಂತ ಕೂದಲೆಳೆಯಷ್ಟು ಕಿರಿದಾದ ಕಬ್ಬಿಣದ ಹಳಿಯನ್ನು ಕುಳ್ಳು ಕಟ್ಟಿಗೆಗಳ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕಾದು ಹಿಗ್ಗಿದ ಅದನ್ನು ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವುದರೊಳಗಾಗಿ ಕೊಡಗಟ್ಟಲೆ ನೀರು ಸುರಿದರೆ, ಹಳಿ ಕುಗ್ಗಿ, ಮರದ ಸಂದುಗಳೆಲ್ಲ ಕಟಕಟನೆ ಬಿಗಿದುಕೊಂಡು, ಒಂದು ಮೊಳೆಯ ಹಂಗೂ ಇಲ್ಲದೆ ಗಾಲಿ ಏಕಶಿಲೆಯಂತೆ ನಿಲ್ಲುತ್ತಿತ್ತು. ಈ ಕ್ರಿಯೆಗೆ ಮುಸುಕೆಂಬುದಿರಲಿಲ್ಲ. ಗಾಡಿ ಮಾಡಿಸುವ ಒಕ್ಕಲಿಗ ಮರ ಆರಿಸುವ ದಿನದಿಂದ ಬಡಿಗೇರನ ಅಂಗಳದಲ್ಲಿಯೇ ಕುಳಿತು, ಗುಂಬದ ಬಿರುಕನ್ನೂ ನೊಗದ ವಾರೆಯನ್ನೂ ಎತ್ತಿ ಆಡುತ್ತಿದ್ದ. ಮೂರು ವರ್ಷದ ಮೇಲೆ ಹಳಿ ಸಡಿಲಾದರೆ ಅದೇ ಅಂಗಳಕ್ಕೆ ಬರಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಮುಂದೆ ಲಾರಿಗಳ ಹಳೆಯ ಅಚ್ಚು, ರಬ್ಬರ್ ಚಕ್ರಗಳನ್ನು ಹಾಕಿದ ಟಾಯರ್ ಗಾಡಿ ಬಂದಾಗ ಹಳ್ಳಿಗಳು ಅದನ್ನು ತಡೆಯಿಲ್ಲದೆ ಸ್ವೀಕರಿಸಿದುದಕ್ಕೂ ಕಾರಣ ಸ್ಪಷ್ಟ: ಪಂಕ್ಚರ್ ಹಾಕುವವನು ಆ ವೇಳೆಗಾಗಲೇ ಪ್ರತಿ ಬಸ್ ನಿಲ್ದಾಣದ ಮಗ್ಗುಲಲ್ಲಿ ಕುಳಿತಿದ್ದ.

ಇನ್ನು ಮೋಟಾರುಗಳ ಮಾತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಟ್ಟು, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರ ವಂಶದವರು 1997ರಲ್ಲಿ ಜಪಾನಿನ ಟೊಯೊಟಾದೊಡನೆ ಕೂಡಿ ಬಿಡದಿಯಲ್ಲಿ ಕಾರ್ಖಾನೆ ಹೂಡಿದ ವೃತ್ತಾಂತ ಪ್ರಸಿದ್ಧವಾದುದು. ನನ್ನ ಕುತೂಹಲವಿರುವುದು, ಈಗ ಹೆಸರು ಹೇಳಿದರೆ ಕಾದಂಬರಿಕಾರನೊಬ್ಬ ಕಟ್ಟಿದ ಕಂಪನಿಗಳೇನೋ ಎಂದು ಕಿರಿಯರು ಸಂಶಯಪಡುವಂತಹ ಗಾಡಿಗಳಲ್ಲಿ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರು ತಯಾರಾಗುತ್ತಿತ್ತು. ಎಂಜಿನ್ ಹಿಂದುಗಡೆ, ಮೈ ಫೈಬರ್ ಗ್ಲಾಸಿನದು. ಅದನ್ನು ತಯಾರಿಸಿದವರೇ ಸಿಪಾನಿ ಎಂಬ ಹೆಸರಿನಲ್ಲಿ 1982ರಲ್ಲಿ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ವಿನ್ಯಾಸವನ್ನು ಆಧರಿಸಿ, ‘ಡಾಲ್ಫಿನ್’ ಅನ್ನು ಹೊರತಂದರು. ಹಗುರವಾದ ಮೈಯ ಈ ಪುಟ್ಟ ಗಾಡಿ ರ‍್ಯಾಲಿಗಳಲ್ಲಿ ಹೆಸರು ಗಳಿಸಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಎರಡು ಬಾಗಿಲಿನ ಡಾಲ್ಫಿನ್ ನಾಲ್ಕು ಬಾಗಿಲಿನ ಮಾರುತಿಯ ಎದುರು ನಿಲ್ಲಲಾರದೆ ಹೋಯಿತು. ‘ಮೊಂಟಾನಾ’ ಎಂಬುದಾಗಿ ಬಾಗಿಲು ಹೆಚ್ಚಿಸಿಕೊಂಡು ಮತ್ತೆ ಬಂದರೂ ಸಮಯ ಮೀರಿತ್ತು.

ಬಾಗಿಲಿನ ಲೆಕ್ಕ ಪಟ್ಟಣದವರದು. ನಮ್ಮ ಕಡೆಯ ಲೆಕ್ಕ ಬೇರೆಯದೆಂದು ನನ್ನ ಎಣಿಕೆ. ತಗಡಿನ ಮೈ ತಗ್ಗುಬಿದ್ದರೆ ಟಿಂಕರಿಂಗಿನವನು ಮರದ ಕೊಡತಿಯಿಂದ ಒಳಗಿನಿಂದ ಬಡಿದು ಮೊದಲಿನಂತೆ ಮಾಡಬಲ್ಲ. ಫೈಬರ್ ಗ್ಲಾಸ್ ಬಗ್ಗುವುದಿಲ್ಲ, ಸೀಳುತ್ತದೆ, ಸೀಳಿದ್ದನ್ನು ಗಾಜಿನ ನಾರಿನ ಬಟ್ಟೆ ಹಚ್ಚಿ, ಅಂಟುದ್ರವ ಸವರಿ, ಒಣಗಿಸಿ ಕೂಡಿಸಬೇಕು. ಆ ಕಾಲದ ತಾಲೂಕಿನ ಊರಿನಲ್ಲಿ ಆ ಬಟ್ಟೆಯಾಗಲಿ ದ್ರವವಾಗಲಿ ಎಲ್ಲಿಂದ ಬರಬೇಕು? ಅತ್ತ ಅಂಬಾಸಿಡರ್ ಕಾರನ್ನು ನೋಡಿರಿ. ಪ್ರದರ್ಶನಮಂಟಪದಲ್ಲಿ ಯಾವ ದೃಷ್ಟಿಯಿಂದಲೂ ಸುಂದರಿಯಲ್ಲದ ಆ ಸ್ಥೂಲಕಾಯ 1950ರ ದಶಕದಿಂದ 2014ರವರೆಗೆ ಕಾರ್ಖಾನೆಯಿಂದ ಹೊರಬೀಳುತ್ತಲೇ ಇದ್ದಿತು. ಏತಕ್ಕೆಂದರೆ, ಬೇವಿನ ಮರದಡಿಯ ಗ್ಯಾರೇಜಿನ ಹುಡುಗನೂ ಸ್ಪ್ಯಾನರ್ ಹಿಡಿದು ಅದರ ಎಂಜಿನ್ನನ್ನು ಬಿಚ್ಚಿ ಕೂಡಿಸಬಲ್ಲವನಾಗಿದ್ದ. ಜೀಪು, ಟ್ರ್ಯಾಕ್ಸ್, ಟ್ರ್ಯಾಕ್ಟರುಗಳು ಈ ಸೀಮೆಯನ್ನು ಗೆದ್ದುದೂ ಅದೇ ಬಲದಿಂದ. ಗದಗಿನಲ್ಲಿಯೇ 1976ರಲ್ಲಿ, ಮುದ್ರಣ ಪ್ರಕಾಶನಗಳ ಮನೆತನದ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ಆರಂಭಿಸಿದ ಸಾಗಾಟದ ವ್ಯವಹಾರ ಮುಂದೆ ಹುಬ್ಬಳ್ಳಿಗೆ ಹೋಗಿ ವಿಆರ್‌ಎಲ್ ಎಂಬ ಬೃಹತ್ ಸಂಸ್ಥೆಯಾಯಿತು. ಒಂದು ಲಾರಿ ಸಾವಿರಗಳಾಗಬೇಕಾದರೆ ಮಾಲೀಕನ ಸಾಹಸದ ಜೊತೆಗೆ ದಾರಿಯುದ್ದಕ್ಕೂ ಗ್ರೀಸು ಹಚ್ಚುವವರ, ಪಾಟಾ ಬದಲಿಸುವವರ ಒಂದು ಅಜ್ಞಾತ ಸೇನೆಯೂ ಬೇಕಾಗುವುದು.

ರೇವಾದ ವಿಷಯದಲ್ಲಿ ನನಗೆ ಹೆಚ್ಚಿನ ಮಮತೆಯಿದೆ. ಚೇತನ್ ಮೈನಿಯವರು 1994ರಲ್ಲಿ ಆರಂಭಿಸಿದ ಆ ಕಂಪನಿ, ವಿದ್ಯುತ್ತಿನಿಂದ ನಡೆಯುವ ಕಾರನ್ನು ಕುರಿತು ನಮ್ಮಲ್ಲಿ ಯಾರೂ ಗಂಭೀರವಾಗಿ ಯೋಚಿಸದಿದ್ದ ಕಾಲದಲ್ಲಿ, 2001ರಲ್ಲಿ ತನ್ನ ಗಾಡಿಯನ್ನು ಬೀದಿಗೆ ಬಿಟ್ಟಿತು. ಸೀಸ ಮತ್ತು ಆಮ್ಲದ ಬ್ಯಾಟರಿಗಳು. ರಾತ್ರಿಯ ನಿದ್ರೆಯಷ್ಟು ಹೊತ್ತು ಪ್ಲಗ್ಗಿಗೆ ಸಿಕ್ಕಿಸಿದರೆ ಸುಮಾರು 80 ಕಿಲೋಮೀಟರುಗಳ ಓಟ. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ನಾಮಾಂತರದಿಂದ, ನಗರಮಧ್ಯಕ್ಕೆ ಪ್ರವೇಶಿಸುವ ವಾಹನಗಳ ಮೇಲಿನ ಸುಂಕದ ವಿನಾಯಿತಿಯನ್ನೂ ಪಡೆದು, ಅದು ಕೆಲಕಾಲ ಮೆರೆಯಿತು. ಅಲ್ಲಿನವರು ಅದರ ಗಿಡ್ಡ ಆಕಾರವನ್ನು ಹಾಸ್ಯಮಾಡಿದರು, ಕೊಂಡುಕೊಂಡೂ ಓಡಾಡಿದರು. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಮರಳುವಷ್ಟರಲ್ಲಿ ಅದರ ಶಕ್ತಿಯೆಲ್ಲ ತೀರುತ್ತಿತ್ತು. ದಾರಿಯಲ್ಲಿ ಒಂದು ಮದುವೆಗೋ ಸಂತೆಗೋ ವಾರೆ ಹೊರಳಿದರೆ ಊರು ಮುಟ್ಟುವ ಭರವಸೆಯಿಲ್ಲ. ಫ್ರಾಂಕ್‌ಫರ್ಟಿನ ವೈಭವದ ಮರುವರ್ಷ, 2010ರ ಮೇ ತಿಂಗಳಿನಲ್ಲಿ, ಕಂಪನಿಯ ಬಹುಪಾಲು ಮಹೀಂದ್ರಾದ ವಶವಾಯಿತು. ಅಲ್ಲಿ ತೋರಿಸಿದ ನಾಲ್ವರ ಕಾರು ರೂಪಾಂತರ ಹೊಂದಿ 2013ರಲ್ಲಿ ‘ಇ-ಟು-ಓ’ ಎಂದು ಹೊರಬಂದಿತು. ಇಬ್ಬರದು ಮಾರಾಟಕ್ಕೆ ಬರಲೇ ಇಲ್ಲ. ರೇವಾವನ್ನು ಸೋತದ್ದೆಂದು ಬರೆಯುವವರೊಡನೆ ನನಗೆ ಸಹಮತವಿಲ್ಲ. ಅದು ಬಂದುದು ಬ್ಯಾಟರಿ ಬಲಿಯುವುದಕ್ಕೆ ಮುಂಚೆ. ದೊಡ್ಡ ದೇಶಗಳ ಅನೇಕ ದೊಡ್ಡ ಕಂಪನಿಗಳು ತಡವಾಗಿ ಹಿಡಿದ ದಾರಿಯನ್ನು ಬೆಂಗಳೂರಿನ ಈ ಕಂಪನಿಯವರು ಮೊದಲೇ ತುಳಿದಿದ್ದರು.

ಹಳೆಯ ಕಾರುಗಳಿಗೂ ಈಗ ಆದರದ ಸ್ಥಾನಗಳುಂಟು. ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿಯೂ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ವಾಹನಗಳನ್ನು ನೋಡುವುದು ಕಣ್ಣಿಗೆ ಹಬ್ಬ. ಆದರೆ ಹಳತು ಹೊಸತು ಒಟ್ಟಿಗೆ ನಿಲ್ಲುವ ಪ್ರದರ್ಶನವನ್ನು ಗದಗಿನಲ್ಲಿ ನೋಡಬೇಕಾದರೆ ಟಿಕೆಟ್ಟು ಬೇಕಾಗಿಲ್ಲ, ಮಹಾನವಮಿಯ ಖಂಡೆ ಪೂಜೆಯ ದಿನ ಬಂದರಾಯಿತು. ಅಂದು ಹೊಸತನದ ವಾಸನೆ ಆರದ ಕಾರಿನ ಪಕ್ಕದಲ್ಲಿಯೇ ಮೂವತ್ತು ಮಳೆಗಾಲ ಕಂಡ ಟ್ರ್ಯಾಕ್ಟರು, ಬಣ್ಣ ಹಾರಿದ ಜೀಪು, ಡಿಪೋದ ಬಸ್ಸು, ಹತ್ತಿಯ ಅಂಡಿಗೆ ಹೊತ್ತು ಸವೆದ ಲಾರಿ, ಎಲ್ಲವೂ ತೊಳೆಸಿಕೊಂಡು, ಚೆಂಡುಹೂವಿನ ಮಾಲೆಯನ್ನೂ ಬಾಳೆಕಂಬವನ್ನೂ ಧರಿಸಿ ಸಾಲುಗಟ್ಟುತ್ತವೆ. ಕುಂಬಳಕಾಯಿ ಒಡೆಯುತ್ತದೆ, ಗಾಲಿಯಡಿಯಲ್ಲಿ ನಿಂಬೆಹಣ್ಣು ಚಿಟ್ಟೆನ್ನುತ್ತದೆ. ಅಲ್ಲಿ ಮೊದಲ ಆರತಿ ಸ್ಪ್ಯಾನರ್, ಜ್ಯಾಕು, ಸುತ್ತಿಗೆಗಳಿಗೆ ಎಂಬುದನ್ನು ಗಮನಿಸತಕ್ಕದ್ದು.

ಸೆಪ್ಟೆಂಬರಿನ ಸುಮಾರಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಕೃಷಿ ಮೇಳ ನಮ್ಮ ರೈತರ ಪಾಲಿಗೆ ನಿಜವಾದ ಮೋಟಾರು ಪ್ರದರ್ಶನ. ಮುಂಡರಗಿಯ ಕಡೆಯಿಂದ ಕ್ರೂಸರ್ ತುಂಬಿಕೊಂಡು ಹೋದ ಒಕ್ಕಲಿಗರು ಹೊಸ ಟ್ರ್ಯಾಕ್ಟರಿನ ಬಣ್ಣವನ್ನೂ ಕುರ್ಚಿಯ ಮೆತ್ತೆಯನ್ನೂ ಒಮ್ಮೆ ನೋಡುತ್ತಾರೆ, ಬಾನೆಟ್ ಎತ್ತಿಸಿ ಬಹಳ ಹೊತ್ತು ನೋಡುತ್ತಾರೆ, ಅನಂತರ ಮಾರುವವನನ್ನು ಕೇಳುವ ಪ್ರಶ್ನೆ ಪ್ರಾಯಶಃ ಒಂದೇ: “ಇದರ ಸಾಮಾನು ಗದಗದಾಗ ಸಿಗತಾವೇನ್ರಿ?” ಈಚೆಗೆ ಬ್ಯಾಟರಿಯ ಆಟೋಗಳೂ ಸ್ಕೂಟರುಗಳೂ ಬಂದಿರುವುದರಿಂದ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಕೂಡಿಕೊಂಡಿದೆ: “ಬ್ಯಾಟರಿ ಹೋದ್ರ ಬಿಚ್ಚಿ ನೋಡಾವ್ರು ಯಾರ್ರೀ?” ಕೈಯಲ್ಲಿ ಹೊಳಪುಕಾಗದದ ಪತ್ರಿಕೆ ಹಿಡಿದ ಹುಡುಗನು ಕಂಪನಿಯವರೇ ಬರುತ್ತಾರೆಂದೂ, ಬಿಚ್ಚತಕ್ಕದ್ದಲ್ಲವೆಂದೂ ಉತ್ತರ ಕೊಡುತ್ತಾನೆ. ಒಕ್ಕಲಿಗ ತಲೆಯಾಡಿಸಿ, ಪತ್ರಿಕೆಯನ್ನು ಮಡಚಿ ಕಿಸೆಗಿಟ್ಟುಕೊಂಡು, ಮುಂದಿನ ಮಳಿಗೆಗೆ ನಡೆಯುತ್ತಾನೆ.