ಟಗರೂ ಬೇಟೆನಾಯಿಯೂ

ವಸ್ತುಸಂಗ್ರಹಾಲಯಗಳು ಜಾಲತಾಣಗಳಲ್ಲಿ ವಿನೋದಕ್ಕಿಳಿದರೆ ಅವುಗಳ ಘನತೆಗೆ ಕುಂದೆಂದು ಪಂಡಿತರನೇಕರು ಶಂಕಿಸುವರು. ಈ ಶಂಕೆಯು ನಿರಾಧಾರವೆಂದೇ ನಮ್ಮ ಮತವು. ಇಂಗ್ಲೆಂಡಿನ ರೆಡಿಂಗ್ ನಗರದ ಗ್ರಾಮಜೀವನ ಸಂಗ್ರಹಾಲಯವು 2018ರ ಏಪ್ರಿಲಿನಲ್ಲಿ ಭಾರಿ ಟಗರೊಂದರ ಹಳೆಯ ಛಾಯಾಚಿತ್ರವನ್ನು, ಅದರ ಗಾತ್ರಕ್ಕೆ ಬೆರಗಾದ ಒಂದೇ ಸಾಲಿನೊಡನೆ, ಟ್ವಿಟರಿನಲ್ಲಿ ಪ್ರಕಟಿಸಿತು. ಲಕ್ಷಕ್ಕೂ ಮಿಕ್ಕ ಜನರು ಮೆಚ್ಚಿದರು. ಅಷ್ಟಕ್ಕೇ ನಿಂತಿದ್ದರೆ ಅದು ಬರಿಯ ಹಾಸ್ಯವಾಗುತ್ತಿತ್ತು. ಅದೇ ವರ್ಷ ಆ ಸಂಸ್ಥೆಯವರು ತಮ್ಮ ಭಂಡಾರದಿಂದ 1784ರ ಗಣಿತದ ಪುಸ್ತಕವೊಂದನ್ನು ಹೊರತೆಗೆದರು. ರೈತನ ಮಗನೊಬ್ಬನು ಲೆಕ್ಕಗಳ ನಡುವೆ ಷರಾಯಿ ತೊಟ್ಟ ಕೋಳಿಯನ್ನು ಚಿತ್ರಿಸಿದ್ದನು! (ಲೆಕ್ಕದ ಬೇಸರಕ್ಕೆ ದೇಶಕಾಲಗಳ ಭೇದವಿಲ್ಲ.) ನಗಲು ಬಂದವರಿಗೆ ಒಂದು ಕಾಲದ ಬಾಳೇ ಕಾಣಿಸಿತು.

ಇಂಥ ಸಾಮಗ್ರಿಗೆ ನಮ್ಮಲ್ಲೇನು ಬರವೆ? ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿದ, ಹತ್ತನೆಯ ಶತಮಾನದ ಆತಕೂರು ಶಾಸನವನ್ನೇ ನೋಡಿರಿ. ಗಂಗರ ವೀರ ಮಣಲೇರನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕಾಳಿಯು ಕಾಡುಹಂದಿಯೊಡನೆ ಸೆಣಸಿತು, ಎರಡೂ ಮಡಿದವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿಯು ದತ್ತವಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದೂ ಬರೆಯಿಸಲಾಯಿತು. ಈ ಕಥೆಗೆ ಅಲಂಕಾರವೇ ಬೇಡ. ಶಿಲೆಯ ಒಂದು ಒಳ್ಳೆಯ ಛಾಯಾಚಿತ್ರ, ಹಳಗನ್ನಡ ಬಲ್ಲ ಒಬ್ಬರು, ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ತಾಳ್ಮೆ, ಇಷ್ಟಿದ್ದರೆ ನಾಳೆಯೇ ಆರಂಭಿಸಬಹುದು.