ಉಜ್ಜುವ ಮುನ್ನ ಲೋಹ ಯಾವುದೆಂದು ನೋಡಿ

ಬೆಂಗಳೂರಿನ ಜೀವನ್ ಬಿಮಾ ನಗರಕ್ಕೆ ಕೆಲವೇ ಕಿಲೋಮೀಟರ್ ದೂರದ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ನಡೆಸುವುದನ್ನು ಕಲಿಯುತ್ತಾರೆ. ಈ ಗ್ರೂಪ್ ಸೇನೆಯ ಎಂಜಿನಿಯರ್ ದಳಕ್ಕೆ ಸೇರಿದ್ದು. ಅದೇ ದಳದ ತಂಡವೊಂದು 1985–87ರಲ್ಲಿ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿಬಂದಿತು. ಕೆರೆಯ ದೋಣಿಯಾಗಲಿ ಕಡಲಿನದಾಗಲಿ, ಹಗ್ಗ ಬಿಗಿಯುವ ಕೊಕ್ಕೆ, ರಾಟೆ, ಬಳೆ, ಹಾಯಿಕಂಬಗಳು ಬಿಸಿಲುಮಳೆಗೆ ಮಂಕಾಗುತ್ತವೆ. ಅವನ್ನೆಲ್ಲ ಒಂದೇ ಪಾಲಿಶ್ ಹಾಕಿ ಉಜ್ಜುವುದು ತಪ್ಪು. ಒಂದೊಂದು ಲೋಹ ಒಂದೊಂದು ಬಗೆಯಲ್ಲಿ ತನ್ನನ್ನು ಕಾಪಾಡಿಕೊಳ್ಳುತ್ತದೆ.

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಸೇರಿ ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನಾಗಿ ಮತ್ತೆ ಬೆಳೆಯುತ್ತದೆ. ಆದರೆ ಕಾರವಾರ, ಮಂಗಳೂರಿನ ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಉಪ್ಪಿನ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಕುಳಿ ಕೊರೆಯುತ್ತದೆ. ಅದಕ್ಕೇ ದೋಣಿಗಳಿಗೆ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಬೆರೆತ 316 ದರ್ಜೆಯ ಸ್ಟೀಲ್ ಬಳಸುತ್ತಾರೆ. ಅದರ ಮೇಲೂ ಕಂದು ಕಲೆ ಮೂಡಿದರೆ ಮೊದಲು ಸಿಹಿನೀರಿನಲ್ಲಿ ತೊಳೆದು, ನಯವಾದ ಪಾಲಿಶ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಬೇಕು. ಮೈ ನುಣುಪಾದಷ್ಟೂ ಉಪ್ಪು ಕೂರಲು ಎಡೆ ಕಡಿಮೆ. ಕಬ್ಬಿಣದ ನಾರು ಬೇಡವೇ ಬೇಡ. ಅದರ ಚೂರುಗಳು ಅಂಟಿಕೊಂಡು ಹೊಸ ತುಕ್ಕಿಗೆ ಕಾರಣವಾಗುತ್ತವೆ.

ಹಿತ್ತಾಳೆ ತಾಮ್ರ, ಸತುಗಳ ಮಿಶ್ರಣ. ಗಾಳಿಗೆ ಅದು ಕಿಲುಬುಗಟ್ಟುತ್ತದೆ. ಕೊಳಚೆ ತುಂಬಿದ ಕೆರೆಗಳಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅದನ್ನು ಕಪ್ಪಾಗಿಸುತ್ತದೆ. ಹಬ್ಬಕ್ಕೆ ದೀಪದ ಕಂಬ ತಿಕ್ಕುವಾಗ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ. ಪಾಲಿಶ್‌ನ ನುಣ್ಣನೆಯ ಪುಡಿ ಉಳಿದ ಪದರವನ್ನು ತೆಗೆಯುತ್ತದೆ. ಹಾಗೇ ಬಿಟ್ಟರೆ ಈ ಹೊಳಪು ಬಹುಕಾಲ ಬಾಳದು, ಮೇಣ ಹಚ್ಚಬೇಕು. ಹಿತ್ತಾಳೆಯ ಮೇಲೆ ನಸುಗೆಂಪು ತೇಪೆ ಕಂಡರೆ ಸತು ಕರಗಿಹೋಗಿ ಸಡಿಲವಾದ ತಾಮ್ರ ಮಾತ್ರ ಉಳಿದಿರುವ ಸಾಧ್ಯತೆ ಇದೆ. ಎಷ್ಟು ಉಜ್ಜಿದರೂ ಹೋದ ಬಲ ಮರಳದು. ಆ ಭಾಗವನ್ನೇ ಬದಲಿಸಬೇಕು.

ಹಾಯಿಕಂಬ ಸಾಮಾನ್ಯವಾಗಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಜೀವನ್ ಬಿಮಾ ನಗರದ ನೆರೆಯ ಎಚ್‌ಎಎಲ್‌ನಂಥ ವಿಮಾನ ಕಾರ್ಖಾನೆಗಳಿಗೆ ಇದು ಚಿರಪರಿಚಿತ ವಿಧಾನ: ಲೋಹವನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ, ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುತ್ತಾರೆ. ಅದು ಸಾಮಾನ್ಯವಾಗಿ 5ರಿಂದ 25 ಮೈಕ್ರೊಮೀಟರ್ ದಪ್ಪ. ಒರಟು ಪಾಲಿಶ್‌ನಿಂದ ಸವೆದರೆ ಗಾಳಿಯಲ್ಲಿ ಅಷ್ಟು ದಪ್ಪ ಮತ್ತೆ ಬೆಳೆಯದು. ಇದಕ್ಕೆ ಸೋಪಿನ ನೀರು, ಮೇಣ ಸಾಕು.

ಇನ್ನೊಂದು ಮಾತು. ಕೊಳೆ ಹೋದಾಗಲೇ ಕೂದಲೆಳೆಯಂಥ ಬಿರುಕು ಕಣ್ಣಿಗೆ ಬೀಳುವುದು. ಸ್ಟೀಲ್ ಹಗ್ಗದ ತುದಿ, ಬೋಲ್ಟಿನ ಸುತ್ತ, ವೆಲ್ಡಿಂಗ್ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕಿದ್ದರೆ ಎಷ್ಟೇ ಹೊಳೆಯಲಿ, ಅದನ್ನು ನಂಬಿ ಹಾಯಿ ಏರಿಸಬಾರದು.